ಪಶ್ಚಾತ್ಕರ್ಮ: ಶಸ್ತ್ರಚಿಕಿತ್ಸೆಯ ಅನಂತರ ವೃದ್ಧರನ್ನು ಮನೆಗೆ ಒಪ್ಪಿಸುವ ವಿಚಾರ



ದತ್ತಿ ಉಪನ್ಯಾಸಕ್ಕೆ ಕರೆ ಬಂದಾಗ ವೈದ್ಯನಾದವನು ತನ್ನ ಶಾಸ್ತ್ರದ ಯಾವುದಾದರೊಂದು ವಿಜಯವಾರ್ತೆಯನ್ನು, ಹೊಸ ಯಂತ್ರದ ವೈಭವವನ್ನೊ ಹೊಸ ಔಷಧದ ಮಹಿಮೆಯನ್ನೊ, ಸಭೆಯ ಮುಂದಿಡುವುದು ರೂಢಿ. ನಾನು ಆಯ್ದುಕೊಂಡಿರುವ ವಿಷಯದಲ್ಲಿ ಅಂಥ ವೈಭವವೇನೂ ಇಲ್ಲ. ಶಸ್ತ್ರಚಿಕಿತ್ಸೆ ಮುಗಿದು, ಗಾಯ ಮಾಯುವ ಹಾದಿಯಲ್ಲಿದ್ದು, ಹಾಸಿಗೆಯನ್ನು ಮತ್ತೊಬ್ಬ ರೋಗಿಗೆ ತೆರವು ಮಾಡಿಕೊಡಬೇಕಾಗಿರುವ ಒಂದು ಮಧ್ಯಾಹ್ನ, ಎಪ್ಪತ್ತೊ ಎಂಬತ್ತೊ ವರ್ಷ ದಾಟಿದ ಜೀವವೊಂದು ಆಸ್ಪತ್ರೆಯ ಬಾಗಿಲಿನಿಂದ ಹೊರಟು ತನ್ನ ಮನೆಯ ಬಾಗಿಲನ್ನು ಸೇರುವ ಕೆಲವು ಗಂಟೆಗಳ, ಮತ್ತು ಅದರ ಹಿಂದುಮುಂದಿನ ಕೆಲವು ವಾರಗಳ ವಿಚಾರ ನನ್ನದು. ನಲವತ್ತು ವರ್ಷ ಚಾಕು ಹಿಡಿದ ಕೈ ಇದು. ಆ ನಲವತ್ತರಲ್ಲಿ ಮೊದಲ ಇಪ್ಪತ್ತು ವರ್ಷ ಈ ವಿಚಾರ ನನಗೆ ಹೊಳೆಯಲೇ ಇಲ್ಲವೆಂಬುದನ್ನು ಆರಂಭದಲ್ಲಿಯೇ ಒಪ್ಪಿಕೊಂಡುಬಿಡುವುದು ಲೇಸು.

ಮಾತಿನಿಂದಲೇ ತೊಡಗೋಣ. ಜನ ಇದನ್ನು ಡಿಸ್ಚಾರ್ಜ್ ಎನ್ನುತ್ತಾರೆ. ವೃತ್ತಪತ್ರಿಕೆಗಳು ಬಿಡುಗಡೆ ಎಂದು ಬರೆಯುತ್ತವೆ. ಬಿಡುಗಡೆಯೆಂಬುದು ಸೆರೆಮನೆಗೆ ಸಲ್ಲತಕ್ಕ ಮಾತು. ಸೆರೆಯಿಂದ ಹೊರಬಿದ್ದವನು ಮುಂದೆ ಎಲ್ಲಿಗೆ ಹೋದನು, ಏನುಂಡನು ಎಂಬುದನ್ನು ಅಲ್ಲಿಯ ಅಧಿಕಾರಿ ವಿಚಾರಿಸಬೇಕಾಗಿಲ್ಲ. ಆದರೆ ನಮ್ಮ ಮದುವೆಮನೆಗಳಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರವೊಂದುಂಟು. ಆ ಹೊತ್ತಿಗೆ ಊಟಗಳು ಮುಗಿದು, ವಾಲಗದವರು ಗಂಟು ಕಟ್ಟುತ್ತ, ನೆಂಟರು ಬಸ್ಸಿನ ವೇಳೆ ನೋಡಿಕೊಳ್ಳುತ್ತಿರುವಾಗ, ಚಪ್ಪರದ ಒಂದು ಮೂಲೆಯಲ್ಲಿ ಹುಡುಗಿಯ ತಾಯಿ ಮಗಳ ಕೈಯನ್ನು ಬೀಗಿತ್ತಿಯ ಕೈಯಲ್ಲಿಟ್ಟು, ಇವಳಿಗೆ ಹಸಿವು ತಡೆಯದು, ತಣ್ಣೀರಿನಲ್ಲಿ ನಿಂತರೆ ಕೆಮ್ಮು ಹತ್ತುತ್ತದೆ, ತಪ್ಪಿದರೆ ತಿದ್ದಿ ನಡೆಸಿಕೊಳ್ಳಿ ಎಂದು ತಡೆತಡೆದು ಹೇಳುತ್ತಾಳೆ. ಬೀಗಿತ್ತಿ ತಲೆದೂಗಿ ಕೇಳಿಕೊಳ್ಳುತ್ತಾಳೆ. ಮಂತ್ರಘೋಷವಿಲ್ಲದ ಈ ಕಿರಿಯ ವಿಧಿಯಲ್ಲಿ ಒಪ್ಪಿಸುವವರು, ಒಪ್ಪಿಸಿಕೊಳ್ಳುವವರು ಇಬ್ಬರೂ ಎದುರುಬದುರು ನಿಂತಿರುತ್ತಾರೆ, ಮತ್ತು ಹೇಳಬೇಕಾದ ಮಾತು ಹೇಳಬೇಕಾದವರ ಕಿವಿಗೇ ಬೀಳುತ್ತದೆ. ಆಸ್ಪತ್ರೆಯು ವೃದ್ಧರನ್ನು ಬಿಡುಗಡೆ ಮಾಡತಕ್ಕದ್ದಲ್ಲ, ಒಪ್ಪಿಸಿಕೊಡತಕ್ಕದ್ದು ಎಂಬುದೊಂದೇ ಈ ಉಪನ್ಯಾಸದ ಪ್ರಮೇಯ. ಉಳಿದುದೆಲ್ಲ ಅದರ ವಿವರಣೆ.

ಈ ಬುದ್ಧಿ ನನಗೆ ಗ್ರಂಥದಿಂದ ಬಂದುದಲ್ಲ. ತೀರ್ಥಹಳ್ಳಿಯಿಂದಾಚೆಗೆ, ತೋಟದ ನಡುವಣ ಹಳೆಯ ಮನೆಯೊಂದರಲ್ಲಿ ನನ್ನ ಸೋದರತ್ತೆ ಇದ್ದರು. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಆಷಾಢದ ಮಳೆಗೆ ಹಾವಸೆ ಕಟ್ಟಿದ್ದ ಹಿತ್ತಲಿನ ಕಲ್ಲಿನ ಮೇಲೆ ಜಾರಿ ಬಿದ್ದು ತೊಡೆಮೂಳೆಯ ಕತ್ತನ್ನು ಮುರಿದುಕೊಂಡರು. ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ, ಜನ ಹೇಳುವಂತೆ, ಬಾಲ್ ಬದಲಾಯಿಸಿದರು. ಕೆಲಸ ನಿರ್ದುಷ್ಟವಾಗಿತ್ತು. ನಾಲ್ಕನೆಯ ದಿನ ನಾನು ನೋಡಲು ಹೋದವನು, ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಲೆದೂಗಿ, ಇನ್ನೇನೂ ಭಯವಿಲ್ಲವೆಂದು ಅತ್ತೆಯ ಮಗನಿಗೆ ಧೈರ್ಯ ಹೇಳಿ ಬಂದೆ. ಐದನೆಯ ದಿನ, ಶನಿವಾರ ಮಧ್ಯಾಹ್ನ, ಬಿಲ್ ಕಟ್ಟಿದ ರಸೀದಿಯೊಡನೆ ನಾಲ್ಕು ಹಾಳೆಗಳ ಇಂಗ್ಲಿಷ್ ಸಮ್ಮರಿಯೂ ಒಂದು ಚೀಲ ಮಾತ್ರೆಯೂ ಕೈಗೆ ಬಂದುವು. ಸಂಜೆಯ ಹೊತ್ತಿಗೆ ಅತ್ತೆ ತಮ್ಮ ಜಗುಲಿಯ ಮೇಲಿದ್ದರು.

ಮನೆಗೆ ಬಂದ ನಾಲ್ಕನೆಯ ರಾತ್ರಿ ಅವರು ಪುನಃ ಬಿದ್ದರು. ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗಬೇಕಾದರೆ ಆ ಮನೆಯಲ್ಲಿ ಎರಡು ಹೊಸ್ತಿಲು ದಾಟಬೇಕು, ಒಂದು ಮೆಟ್ಟಿಲು ಇಳಿಯಬೇಕು. ಎರಡನೆಯ ಹೊಸ್ತಿಲು ಗೇಣುದ್ದ ಎತ್ತರ. ನಿದ್ರೆಗೆಂದು ಕೊಟ್ಟಿದ್ದ ಮಾತ್ರೆಯ ಮಂಪರು ಒಂದೆಡೆ. ರಕ್ತದೊತ್ತಡಕ್ಕೆ ಹಿಂದಿನಿಂದ ನುಂಗುತ್ತಿದ್ದ ಆಮ್ಲೋಡಿಪಿನ್ ಮಾತ್ರೆಯೂ, ಆಸ್ಪತ್ರೆಯವರು ಬೇರೊಂದು ಕಂಪೆನಿಯ ಹೆಸರಿನಲ್ಲಿ ಬರೆದುಕೊಟ್ಟಿದ್ದ ಅದೇ ಆಮ್ಲೋಡಿಪಿನ್ನೂ ಎರಡೂ ಹೊಟ್ಟೆ ಸೇರುತ್ತಿದ್ದುದು ಇನ್ನೊಂದೆಡೆ. ವಾಕರನ್ನು ಹೊಸ್ತಿಲಿನಾಚೆಗೆ ಎತ್ತಿಡುವಾಗ ಕಣ್ಣು ಕತ್ತಲಿಟ್ಟಿತು. ಕೂಡಿಸಿದ್ದ ಕೀಲು ತಪ್ಪಿತು. ಮತ್ತೆ ಆಸ್ಪತ್ರೆ, ಮತ್ತೆ ಅರಿವಳಿಕೆ, ಅದರ ಹಿಂದೆಯೇ ಶ್ವಾಸಕೋಶದ ಸೋಂಕು, ಮೂರು ವಾರ. "ಸೊಸೆಯನ್ನು ಎಬ್ಬಿಸಬಾರದಾಗಿತ್ತೆ, ಅತ್ತೆ?" ಎಂದು ನಾನು ಕೇಳಿದ್ದಕ್ಕೆ ಅವರು, "ಆ ಕೂಸು ಬೆಳಗಿನಿಂದ ದುಡಿದು ಆಗಷ್ಟೆ ಮಲಗಿತ್ತು ಮಾರಾಯ, ಎಬ್ಬಿಸೋದು ಹ್ಯಾಂಗೆ?" ಎಂದರು. ಚಿಕ್ಕಂದಿನ ಬೇಸಗೆ ರಜೆಗಳಲ್ಲಿ ಅದೇ ಹೊಸ್ತಿಲನ್ನು ನೂರು ಸಲ ಎಡವಿ ಮೊಣಕಾಲು ಕೆತ್ತಿಸಿಕೊಂಡವನು ನಾನು. ಎಕ್ಸ್‌ರೇ ಹಾಳೆಯಲ್ಲಿ ಆ ಹೊಸ್ತಿಲು ಕಾಣಿಸಲಿಲ್ಲವಾದ್ದರಿಂದ ಅದು ನನ್ನ ನೆನಪಿಗೆ ಬರಲಿಲ್ಲ.

ನಮ್ಮ ಪ್ರಾಚೀನರಿಗೆ ಅದು ನೆನಪಿತ್ತು. ಸುಶ್ರುತಸಂಹಿತೆಯ ಸೂತ್ರಸ್ಥಾನವು ಶಸ್ತ್ರಚಿಕಿತ್ಸೆಯನ್ನು ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮವೆಂದು ವಿಭಾಗಿಸುತ್ತದೆ. ಕೊಯ್ಯುವುದು ನಡುವಣ ಭಾಗ ಮಾತ್ರ. ಅದೇ ಸ್ಥಾನದ ಹತ್ತೊಂಬತ್ತನೆಯ ಅಧ್ಯಾಯವು ಗಾಯಗೊಂಡವನ ಉಪಚಾರಕ್ಕೇ ಮೀಸಲಾದುದು. ಆ ಅಧ್ಯಾಯ ಲೇಪದಿಂದಲೊ ಕಷಾಯದಿಂದಲೊ ಆರಂಭವಾಗದೆ, ವ್ರಣಿತನಿಗೆ ಮೊಟ್ಟಮೊದಲು ಮನೆಯನ್ನು ನೋಡಬೇಕೆಂಬ ವಿಧಿಯಿಂದ ಆರಂಭವಾಗುತ್ತದೆ: ಮನೆ ಶುಚಿಯಾಗಿರಬೇಕು, ಬಿಸಿಲುಗಾಳಿಗಳ ಹೊಡೆತಕ್ಕೆ ಸಿಕ್ಕದಿರಬೇಕು, ಹಾಸಿಗೆ ಇಕ್ಕಟ್ಟಿಲ್ಲದೆ ಹಿತವಾಗಿರಬೇಕು, ಪ್ರಿಯವಾಗಿ ಮಾತನಾಡುವ ಸ್ನೇಹಿತರು ಬಳಿಯಲ್ಲಿದ್ದು ಕಥೆ ಹೇಳಿ ನೋವನ್ನು ಮರೆಸಬೇಕು, ಹಗಲುನಿದ್ರೆ ಕೂಡದು. ಚರಕನಾದರೊ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿ, ವೈದ್ಯ, ಔಷಧ, ರೋಗಿ ಎಂಬ ಮೂವರ ಸಮಕ್ಕೆ ಉಪಸ್ಥಾತೃವನ್ನು, ಎಂದರೆ ಬಳಿಯಲ್ಲಿದ್ದು ಆರೈಕೆ ಮಾಡುವವರನ್ನು, ನಿಲ್ಲಿಸಿದನು. ಅವರಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶೌಚ ಎಂಬ ನಾಲ್ಕು ಗುಣಗಳಿರಬೇಕೆಂದನು. ಮನೆಯನ್ನು ನೋಡು, ಉಪಚರಿಸುವವರನ್ನು ನೋಡು: ಇಂದಿನ ಶಾಸ್ತ್ರವು ಬಹು ದೂರ ಸುತ್ತಿ ಬಂದು ತಲಪಿರುವುದು ಈ ಎರಡು ಮಾತುಗಳಿಗೇ.

ಆ ಸುತ್ತಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. 1935ರಲ್ಲಿ ಲಂಡನ್ನಿನ ಪಶ್ಚಿಮ ಭಾಗದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಹೊಂದಿಕೊಂಡ ಹಳೆಯ ಬಡವರ ರೋಗಾಲಯವೊಂದರ ಹೊಣೆ ಮಾರ್ಜರಿ ವಾರನ್ ಎಂಬ ವೈದ್ಯೆಯ ಪಾಲಿಗೆ ಬಂದಿತು. ವರ್ಷಗಟ್ಟಲೆ ಹಾಸಿಗೆ ಹಿಡಿದು, ಇನ್ನು ಏಳಲಾರರೆಂದು ಎಲ್ಲರೂ ಕೈಬಿಟ್ಟಿದ್ದ 700ಕ್ಕೂ ಮಿಕ್ಕ ರೋಗಿಗಳನ್ನು ಆಕೆ ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ, ವಿಂಗಡಿಸಿ, ಎಬ್ಬಿಸಿ ಕೂರಿಸಿ, ನಡೆಯಿಸಿ, ಅವರಲ್ಲಿ ಅನೇಕರನ್ನು ಮನೆಗಳಿಗೆ ಕಳುಹಿಸಿಕೊಟ್ಟರು. ವೃದ್ಧವೈದ್ಯವೆಂಬ ಆಧುನಿಕ ಶಾಖೆಗೆ ಆಕೆ ತಾಯಿ. 1947ರಲ್ಲಿ ರಿಚರ್ಡ್ ಆಷರ್ ಎಂಬ ಆಂಗ್ಲ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಹಾಸಿಗೆಯಲ್ಲಿ ಮಲಗುವುದರ ಅಪಾಯಗಳನ್ನು ಕುರಿತು ಒಂದು ಚಿಕ್ಕ, ಚುರುಕಾದ ಲೇಖನವನ್ನು ಬರೆದು, ವಿಶ್ರಾಂತಿಯೆಂದು ವೈದ್ಯರು ವಿಧಿಸುತ್ತಿದ್ದುದು ಎಷ್ಟು ಅಂಗಗಳಿಗೆ ವಿಷವಾಗುತ್ತದೆಂಬುದನ್ನು ತೋರಿಸಿದರು. 2009ರಲ್ಲಿ ಅಮೆರಿಕದ ಮೆಡಿಕೇರ್ ವಿಮೆಯ ದಾಖಲೆಗಳನ್ನು ಪರಿಶೋಧಿಸಿದ ಜೆಂಕ್ಸ್ ಮತ್ತು ಅವರ ಸಹೋದ್ಯೋಗಿಗಳು, ಆಸ್ಪತ್ರೆ ಬಿಟ್ಟವರಲ್ಲಿ ಸುಮಾರು ಐದರಲ್ಲೊಬ್ಬರು 30 ದಿನಗಳೊಳಗೆ ಪುನಃ ಆಸ್ಪತ್ರೆ ಸೇರಿದ್ದುದನ್ನು ಕಂಡರು. ಶಸ್ತ್ರಚಿಕಿತ್ಸೆಯಾಗಿ ಹೋಗಿ ಹಾಗೆ ಮರಳಿ ಬಂದವರಲ್ಲಿ ಶೇಕಡ 70ರಷ್ಟು ಮಂದಿ ಬಂದುದು ಶಸ್ತ್ರವೈದ್ಯಕ್ಕೆ ಸೇರದ, ಔಷಧವೈದ್ಯಕ್ಕೆ ಸೇರಿದ ಕಾಯಿಲೆಗಳಿಂದ. ನಾವು ಹೊಲಿಗೆಯನ್ನು ಕಾಯುತ್ತ ಕೂತಿರುವಾಗ ಎದೆ, ಮೂತ್ರಪಿಂಡ, ಬುದ್ಧಿ ಇವು ಹಿಂದಿನ ಬಾಗಿಲಿನಿಂದ ಕೈಬಿಡುತ್ತವೆ.

ಹಾಗೇಕೆ ಕೈಬಿಡುತ್ತವೆ? 2013ರಲ್ಲಿ ಹಾರ್ಲನ್ ಕ್ರಮ್‌ಹೋಲ್ಜ್ ಎಂಬ ಹೃದ್ರೋಗತಜ್ಞರು ಆಸ್ಪತ್ರೆಯಿಂದ ಹೊರಬಂದ ಮೇಲಿನ ಕೆಲವು ವಾರಗಳ ದುರ್ಬಲ ಸ್ಥಿತಿಗೇ ಒಂದು ಹೆಸರಿಟ್ಟು, ಅದು ಮೂಲವ್ಯಾಧಿಯ ಶೇಷ ಮಾತ್ರವಾಗಿರದೆ, ನಿದ್ರಾಭಂಗ, ಅರೆಹೊಟ್ಟೆ, ನೋವು, ಗೊಂದಲ, ಚಲನೆಯಿಲ್ಲದಿರುವಿಕೆ ಇವೆಲ್ಲ ಕೂಡಿ ಆಸ್ಪತ್ರೆಯೇ ಕೊಟ್ಟು ಕಳುಹಿಸುವ ಹೊಸದೊಂದು ಅಸ್ವಾಸ್ಥ್ಯವೆಂದು ವಾದಿಸಿದರು. ಆರೋಗ್ಯವಂತರಾದ ವೃದ್ಧರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ ಪ್ರಯೋಗವೊಂದರಲ್ಲಿ ಅವರ ಕಾಲುಗಳ ಮಾಂಸಲ ಭಾಗವು ಹೆಚ್ಚುಕಡಮೆ ಒಂದು ಕಿಲೋಗ್ರಾಮಿನಷ್ಟು ಕರಗಿಹೋಗಿತ್ತು. ಕುಣಿದಾಡುವ ಮಗುವಿಗೆ ಹತ್ತು ದಿನ ಲೆಕ್ಕಕ್ಕಿಲ್ಲ. ಎಂಬತ್ತರ ಮುದುಕಿಗೆ ಕರಗಿಹೋದ ಆ ಮಾಂಸವೇ, ಪಾಯಖಾನೆಯಿಂದ ತಾನೇ ಎದ್ದು ನಿಲ್ಲಬಲ್ಲೆನೆ ಇಲ್ಲವೆ ಎಂಬುದನ್ನು ತೀರ್ಮಾನಿಸುವ ಬಲ. ಸೊಂಟದ ಮೂಳೆ ಮುರಿದ ವೃದ್ಧರಲ್ಲಿ ಐವರಲ್ಲೊಬ್ಬರಾದರೂ ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆಂಬುದು ಅನೇಕ ದೇಶಗಳ ಅನುಭವ. ಅವರನ್ನು ಕೊಲ್ಲುವುದು ಮೂಳೆಯಲ್ಲ.

ಬುದ್ಧಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಅರುವತ್ತಕ್ಕೆ ಅರಳುಮರಳು ಎಂಬ ಗಾದೆ ನಮ್ಮಲ್ಲಿ ಎಷ್ಟು ಬೇರುಬಿಟ್ಟಿದೆಯೆಂದರೆ, ಶಸ್ತ್ರಚಿಕಿತ್ಸೆಯಾದ ಮೂರನೆಯ ದಿನ ಅಜ್ಜ ಮಗನನ್ನೇ ಗುರುತಿಸದೆ, ಗೋಡೆಯ ಮೇಲೆ ಇರುವೆ ಸಾಲು ಹರಿಯುತ್ತಿದೆಯೆಂದು ಕೈಬೀಸತೊಡಗಿದರೂ ಮನೆಯವರು, ವಯಸ್ಸಾಯಿತಲ್ಲ, ಎಂದು ಸುಮ್ಮನಾಗುತ್ತಾರೆ. ಅರಳುಮರಳು ವರ್ಷಗಳ ಮೇಲೆ ಮೆಲ್ಲಗೆ ಬರತಕ್ಕದ್ದು. ರಾತ್ರಿ ಕಳೆದು ಬೆಳಗಾಗುವುದರೊಳಗೆ ಬಂದುದಕ್ಕೆ ನಮ್ಮ ಹಿರಿಯರು ಸನ್ನಿ ಎಂಬ ಬೇರೆಯೇ ಹೆಸರಿಟ್ಟಿದ್ದರು. ಸನ್ನಿಗೆ ಕಾರಣವಿರುತ್ತದೆ: ಮೂತ್ರದ ಸೋಂಕು, ಕಟ್ಟಿದ ಮಲ, ಕಡಮೆಯಾದ ಸೋಡಿಯಂ, ನೋವಿಗೆ ಕೊಟ್ಟ ಟ್ರಮಡಾಲ್, ನಿದ್ರೆಯ ಮಾತ್ರೆ, ಕೆಲವೊಮ್ಮೆ ಕನ್ನಡಕವನ್ನೊ ಕಿವಿಯ ಯಂತ್ರವನ್ನೊ ಮನೆಯಲ್ಲಿಯೇ ಮರೆತುಬಂದಿದ್ದಷ್ಟು ಅಲ್ಪವಾದ ಕಾರಣ. ಅದನ್ನು ಹುಡುಕಿ ಸರಿಪಡಿಸದೆ ಅಂಥವರನ್ನು ಮನೆಗೆ ಕಳುಹಿಸುವುದು, ಸನ್ನಿಯನ್ನೂ ಕಾರಿನಲ್ಲಿ ಕೂರಿಸಿ ಕಳುಹಿಸಿದಂತೆ.

ಹಾಗಾದರೆ ಒಪ್ಪಿಸುವ ಕಾರ್ಯ ಯಾವಾಗ ಆರಂಭವಾಗತಕ್ಕದ್ದು? ಹೊರಡುವ ದಿನವಲ್ಲ, ಸೇರಿದ ದಿನ. ರೋಗಿಯ ರಕ್ತದ ಗುಂಪನ್ನು ಬರೆದುಕೊಳ್ಳುವ ಹೊತ್ತಿನಲ್ಲಿಯೇ ಆಕೆಯ ಮನೆಯನ್ನೂ ಬರೆದುಕೊಳ್ಳಬೇಕು. ಬೀಳುವುದಕ್ಕೆ ಮುಂಚೆ ಹೇಗೆ ನಡೆಯುತ್ತಿದ್ದರು, ಸ್ನಾನಕ್ಕೆ ಯಾರ ನೆರವಾದರೂ ಬೇಕಿತ್ತೆ, ಮನೆಗೆ ಎಷ್ಟು ಮೆಟ್ಟಿಲು, ಬಚ್ಚಲು ಒಳಗೊ ಹಿತ್ತಲಲ್ಲೊ, ಪಾಯಖಾನೆ ಕುಕ್ಕುರುಗಾಲಿನದೊ ಕಮೋಡೊ, ರಾತ್ರಿ ಜೊತೆಯಲ್ಲಿ ಮಲಗುವವರು ಯಾರು? ಒಬ್ಬ ಸಿಸ್ಟರಿಗೆ ಐದು ನಿಮಿಷದ ಕೆಲಸ. ಮಕ್ಕಳಿಬ್ಬರಲ್ಲಿ ಒಬ್ಬನು ಬೆಂಗಳೂರಿನಲ್ಲಿ ಲಿಫ್ಟಿಲ್ಲದ ಮೂರನೆಯ ಮಹಡಿಯಲ್ಲಿದ್ದು, ಅಮ್ಮನನ್ನು ಅಲ್ಲಿಗೇ ಒಯ್ಯುವೆನೆಂದು ಪ್ರೀತಿಯಿಂದ ಹೇಳುತ್ತಿರುವುದು ಮೊದಲ ದಿನವೇ ತಿಳಿದರೆ ಯೋಚಿಸಲು ಕಾಲವಿರುತ್ತದೆ. ಆಂಬುಲೆನ್ಸ್ ಬಂದು ನಿಂತ ಮೇಲೆ ತಿಳಿದರೆ ಆ ತಾಯಿಯನ್ನು ಕುರ್ಚಿಯಲ್ಲಿ ಹೊತ್ತು ಮೇಲಕ್ಕೇರಿಸಿ, ಮೂರು ತಿಂಗಳು ಕೆಳಗಿಳಿಸದೆ ಇಡುವುದೊಂದೇ ಉಳಿಯುವ ಮಾರ್ಗ. ಇಷ್ಟೆಲ್ಲದರ ನಡುವೆ ಸಾಮಾನ್ಯವಾಗಿ ಯಾರೂ ಕೇಳದ ಪ್ರಶ್ನೆ, ಎಲ್ಲಿಗೆ ಹೋಗಲು ನಿಮಗೆ ಇಷ್ಟ ಎಂದು ಆ ತಾಯಿಯನ್ನೇ ಕೇಳಬೇಕಾದ ಪ್ರಶ್ನೆ.

ಮನೆಯನ್ನು ಸಜ್ಜುಗೊಳಿಸುವುದೆಂದರೆ ಅರಮನೆ ಕಟ್ಟುವುದಲ್ಲ. ಸೊಂಟದ ಕೀಲನ್ನು ಹೊಸದಾಗಿ ಕೂಡಿಸಿಕೊಂಡವರಿಗೆ ಅನೇಕ ಶಸ್ತ್ರವೈದ್ಯರು ಮೊದಲ ಆರರಿಂದ ಹನ್ನೆರಡು ವಾರ ಕಾಲ ವಿಧಿಸುವ ನಿಷೇಧಗಳನ್ನು ನೋಡಿ: ತೊಡೆ ಸೊಂಟದೊಡನೆ ಲಂಬಕೋನಕ್ಕಿಂತ ಹೆಚ್ಚು ಮಡಿಯಬಾರದು, ಕಾಲಮೇಲೆ ಕಾಲು ಹಾಕಬಾರದು, ನೆಲದ ಮೇಲೆ ಕೂರಬಾರದು. ಮಣೆಯ ಮೇಲೆ ಕೂತು ಉಣ್ಣುವ, ಬಚ್ಚಲ ಕಲ್ಲಿನ ಮೇಲೆ ಕುಕ್ಕುರುಗಾಲಿನಲ್ಲಿ ಮೈತೊಳೆಯುವ, ಚಾಪೆಯ ಮೇಲೆ ಮಲಗುವ, ದೇವರ ಮುಂದೆ ಬಾಗಿ ನಮಸ್ಕರಿಸುವ ನಮ್ಮ ಅಜ್ಜಿಯರಿಗೆ ಇದು ಎರಡು ಮೂರು ನಿಷೇಧವಲ್ಲ, ದಿನಚರಿಗೆ ದಿನಚರಿಯೇ ನಿಷೇಧ. ಆದ್ದರಿಂದ ಮಂಚ, ಕುರ್ಚಿಗಳ ಎತ್ತರ ಮೊಣಕಾಲಿನ ಎತ್ತರಕ್ಕೆ ಕಡಮೆಯಾಗದಿರುವುದು, ಕಮೋಡ್ ಕುರ್ಚಿಯೊಂದು ಮಂಚದ ಬಳಿಯೇ ಇರುವುದು, ಸ್ನಾನಕ್ಕೆ ಪ್ಲಾಸ್ಟಿಕ್ ಕುರ್ಚಿ, ಬಚ್ಚಲ ಗೋಡೆಗೆ ಹಿಡಿಕೆ, ರಾತ್ರಿಯಿಡೀ ಉರಿಯುವ ಚಿಕ್ಕ ದೀಪ, ವಾಕರಿನ ಅಗಲಕ್ಕೆ ಬಾಗಿಲು ಹಿಡಿಯುತ್ತದೆಯೆ ಎಂದು ಮೊದಲೇ ಅಳೆದು ನೋಡುವುದು, ಓಡಾಡುವ ಹಾದಿಯಲ್ಲಿನ ಒದ್ದೆ ಕಾಲೊರಸನ್ನು ತೆಗೆದುಹಾಕುವುದು, ಇವು ರೋಗಿ ಬರುವ ಮುನ್ನವೇ ಆಗತಕ್ಕ ಕೆಲಸಗಳು. ಬರುವ ವಾಹನದ ಆಸನವೂ ತಗ್ಗಾಗಿರಬಾರದು. ಆಟೋರಿಕ್ಷಾದೊಳಕ್ಕೆ ಬಾಗಿ ನುಸುಳುವಾಗಲೇ ಕೀಲು ತಪ್ಪಿಸಿಕೊಂಡು ಬಂದ ದಾರಿಯಲ್ಲಿಯೇ ಹಿಂದಿರುಗುವ ಸಂಭವ ಉಂಟು.

ಇನ್ನು ಔಷಧ. ವೈದ್ಯರ ಲಿಪಿಯನ್ನು ಕುರಿತ ಹಾಸ್ಯಗಳೆಲ್ಲ ಹಳೆಯವಾದುವು. ಈಗ ಸಮ್ಮರಿ ಅಚ್ಚಿನಲ್ಲಿಯೇ ಬರುತ್ತದೆ, ಆದರೂ ಅರ್ಥವಾಗುವುದಿಲ್ಲ. 1-0-1 ಎಂದು ಬರೆದಿದ್ದುದನ್ನು, ಬೆಳಗ್ಗೆ ಒಂದು ರಾತ್ರಿ ಒಂದು ಎಂದು ಗ್ರಹಿಸದೆ, ಇಂದು ಒಂದು, ನಾಳೆ ಇಲ್ಲ, ನಾಡಿದ್ದು ಒಂದು ಎಂದು ಅರ್ಥಮಾಡಿಕೊಂಡು ಶ್ರದ್ಧೆಯಿಂದ ಎರಡು ವಾರ ಹಾಗೆಯೇ ಕೊಟ್ಟ ಒಬ್ಬ ಮಗನನ್ನು ನಾನು ಬಲ್ಲೆ; ಅವನು ಪದವೀಧರ. ಹೊರಡುವ ಮುನ್ನ, ಮನೆಯಲ್ಲಿದ್ದ ಹಳೆಯ ಮಾತ್ರೆಗಳ ಡಬ್ಬಿಯನ್ನೂ ಹೊಸ ಚೀಲವನ್ನೂ ಒಂದೇ ಮೇಜಿನ ಮೇಲೆ ಸುರಿದು, ಇದು ಮುಂದುವರಿಯಲಿ, ಇದು ನಿಲ್ಲಲಿ, ಇದು ಹೊಸದು, ಇವೆರಡು ಹೆಸರು ಬೇರೆಯಾದರೂ ವಸ್ತು ಒಂದೇ ಎಂದು ಬೇರ್ಪಡಿಸಿ, ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆದುಕೊಟ್ಟಿದ್ದರೆ ನನ್ನ ಅತ್ತೆ ಎರಡನೆಯ ಬಾರಿ ಬೀಳುತ್ತಿರಲಿಲ್ಲವೆಂದು ನಾನು ನಂಬಿದ್ದೇನೆ. ಕಾಲಿನ ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ಮದ್ದು ಎಂದು ನಿಲ್ಲಬೇಕೆಂಬ ತಾರೀಖು ಆ ಹಾಳೆಯಲ್ಲಿರಬೇಕು. ನೋವಿನ ಮಾತ್ರೆಯೊಡನೆ ಮಲಬದ್ಧತೆಗೆ ಪರಿಹಾರವೂ ಇರಬೇಕು. ನಿದ್ರೆಯ ಮಾತ್ರೆ ಆದಷ್ಟು ಮಟ್ಟಿಗೆ ಇಲ್ಲದಿರಬೇಕು.

ಆಹಾರದಲ್ಲಿ ನಮಗೆ ನಮ್ಮದೇ ಆದ ಒಂದು ವಿಘ್ನವುಂಟು. ಅದರ ಹೆಸರು ನಂಜು. ಹೊಲಿಗೆ ಹಾಕಿಸಿಕೊಂಡವರಿಗೆ ಬದನೆಕಾಯಿ ನಂಜು, ಬೇಳೆ ನಂಜು, ಮೊಟ್ಟೆ ನಂಜು, ಮೊಸರು ಶೀತ ಎಂದು ಒಂದೊಂದಾಗಿ ಕಳೆಯುತ್ತ ಹೋಗಿ, ಕೊನೆಗೆ ಗಂಜಿಯೂ ತಿಳಿಸಾರೂ ಮಾತ್ರ ಉಳಿಯುತ್ತವೆ. ಹಿರಿಯರ ಪಥ್ಯವನ್ನು ನಾನು ಹಳಿಯುವವನಲ್ಲ. ಅಜೀರ್ಣವಾಗದಿರಲೆಂಬ ಅದರ ಉದ್ದೇಶ ಸಾಧುವಾದುದೇ. ಆದರೆ ಗಾಯ ಮಾಯುವುದಕ್ಕೂ ಕರಗಿದ ಮಾಂಸ ಕೂಡಿಕೊಳ್ಳುವುದಕ್ಕೂ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ಸುಮಾರು 1.2ರಿಂದ 1.5 ಗ್ರಾಮಿನಷ್ಟು ಸಸಾರಜನಕ ಬೇಕೆಂಬುದು ಇಂದಿನ ನಿರ್ಣಯ. 45 ಕಿಲೋಗ್ರಾಮಿನ ಅಜ್ಜಿಗೆ ಅದು 54 ಗ್ರಾಮಿಗೆ ಕಡಮೆಯಾಗದು. ಒಂದು ಮೊಟ್ಟೆಯಲ್ಲಿ ಸಿಕ್ಕುವುದು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಮೆ ಅಷ್ಟೇ. ಗಂಜಿಯಿಂದ ಆ ಲೆಕ್ಕ ತುಂಬುವುದಿಲ್ಲ. ಹೆಸರುಬೇಳೆಯ ತೊವ್ವೆ, ಹಾಲು, ಮೊಸರು, ಕಡಲೆಹಿಟ್ಟು, ತಿನ್ನುವವರಿಗೆ ಮೊಟ್ಟೆ ಮೀನುಗಳು, ಸ್ವಲ್ಪ ಸ್ವಲ್ಪವಾಗಿ ಐದಾರು ಬಾರಿ ಸಲ್ಲಬೇಕು. ಮೂತ್ರಪಿಂಡದ ರೋಗವಿದ್ದವರಿಗೆ ಮಾತ್ರ ಈ ಪ್ರಮಾಣವನ್ನು ವೈದ್ಯರು ಬೇರೆಯಾಗಿ ನಿಶ್ಚಯಿಸತಕ್ಕದ್ದು.

ಇಷ್ಟನ್ನೂ ಮಾಡುವವರಾರು? ಚರಕನ ಉಪಸ್ಥಾತೃವನ್ನು ಇಂದಿನ ಆಸ್ಪತ್ರೆ ರೋಗಿಯ ಕಡೆಯವರು ಎಂದು ಕರೆಯುತ್ತದೆ. ಮತ್ತು ಹೊರಡುವ ಹೊತ್ತಿನಲ್ಲಿ ರೋಗಿಯ ಕಡೆಯವರಾಗಿ ಎದುರಿಗೆ ನಿಂತಿರುವವನು ಬಹುಮಟ್ಟಿಗೆ ಬಿಲ್ ಕಟ್ಟಲು ಬಂದ ಮಗ. ಸೂಚನೆಗಳೆಲ್ಲ ಅವನ ಕಿವಿಗೆ ಬೀಳುತ್ತವೆ. ಅವನು ಸೋಮವಾರ ಕೆಲಸಕ್ಕೆ ಹೋಗುತ್ತಾನೆ. ಕಮೋಡ್ ಕುರ್ಚಿಗೆ ಎತ್ತಿ ಕೂರಿಸುವವಳು, ಗಾಯದ ಬಟ್ಟೆ ನೋಡುವವಳು, ಹೊತ್ತುಹೊತ್ತಿಗೆ ಮಾತ್ರೆ ಕೊಡುವವಳು ಐವತ್ತು ಮೈಲಿ ದೂರದಲ್ಲಿ ಮಕ್ಕಳನ್ನೂ ಹಟ್ಟಿಯ ದನವನ್ನೂ ನೋಡಿಕೊಳ್ಳುತ್ತಿರುವ ಸೊಸೆ. ಅವಳು ವಾರ್ಡಿನ ಮೆಟ್ಟಿಲನ್ನು ಹತ್ತಿಯೇ ಇರುವುದಿಲ್ಲ. ಹೆಣ್ಣೊಪ್ಪಿಸುವಾಗ ಬೀಗರನ್ನು ಬಿಟ್ಟು ಬಸ್ಸಿನ ಚಾಲಕನಿಗೆ ಬುದ್ಧಿ ಹೇಳಿದಂತಾಯಿತು ಇದು. ಅವಳನ್ನು ಒಂದು ದಿನವಾದರೂ ಕರೆಸಿ, ಏಳಿಸುವುದು ಹೇಗೆ, ವಾಕರು ಮೊದಲೊ ಕಾಲು ಮೊದಲೊ, ಯಾವ ಕಡೆ ನಿಂತು ಹಿಡಿಯಬೇಕು ಎಂಬುದನ್ನು ತೋರಿಸಿಕೊಡಬೇಕು. ಮನೆಯವರಿಗೆ ಬದಲಾಗಿ ಹೋಂ ನರ್ಸ್ ಬರುವುದಾದರೆ ಅವರಿಗೂ. ತೋರಿಸಿದ ಮೇಲೆ, ತಿಳಿಯಿತೆ ಎಂದು ಕೇಳಿ ಪ್ರಯೋಜನವಿಲ್ಲ. ಆ ಪ್ರಶ್ನೆಗೆ ಕನ್ನಡನಾಡಿನಲ್ಲಿ ಹುಟ್ಟಿದ ಯಾವ ಪ್ರಾಣಿಯೂ ಆಯ್ತು ಸಾರ್ ಎಂಬುದಲ್ಲದೆ ಬೇರೆ ಉತ್ತರವನ್ನು ವೈದ್ಯರಿಗೆ ಕೊಟ್ಟದ್ದಿಲ್ಲ. ಈಗ ನೀವು ಮಾಡಿ ತೋರಿಸಿ, ಎನ್ನಬೇಕು. ಮಾಡಲು ಬಾರದಿದ್ದರೆ ದೋಷ ಕಲಿಸಿದವರದು.

ಅವಳ ಕೈಗೆ ಕೊಡಬೇಕಾದ ಇನ್ನೊಂದು ಹಾಳೆ ಅಪಾಯದ ಕುರುಹುಗಳದು: ಜ್ವರ, ಗಾಯದಲ್ಲಿ ಕೀವೊ ನೀರೊ ಒಸರುವುದು, ಮೀನಖಂಡದಲ್ಲಿ ಬಾವು ನೋವು, ಉಸಿರು ಸಿಕ್ಕಿಕೊಳ್ಳುವುದು, ಇದ್ದಕ್ಕಿದ್ದಂತೆ ಮಾತು ತಪ್ಪುವುದು, ಮೂತ್ರ ಕಟ್ಟುವುದು, ಚಿಕಿತ್ಸೆಯಾದ ಕಾಲು ಥಟ್ಟನೆ ಗಿಡ್ಡವಾದಂತೆ ಕಾಣುವುದು. ಇವುಗಳಲ್ಲಿ ಯಾವುದು ಕಂಡರೆ ಬೆಳಗಿನವರೆಗೆ ಕಾಯಬಹುದು, ಯಾವುದಕ್ಕೆ ಆ ಕ್ಷಣವೇ 108ನ್ನು ಕರೆಯಬೇಕು, ಉಳಿದುದಕ್ಕೆ ಯಾರ ದೂರವಾಣಿ ಎಂಬುದೂ ಅದರಲ್ಲಿರಬೇಕು; ಆ ದೂರವಾಣಿಯನ್ನು ಎತ್ತುವ ಮನುಷ್ಯನೊಬ್ಬನು ಇರಬೇಕು. ಬಾಸ್ಟನ್ನಿನ ಒಂದು ಆಸ್ಪತ್ರೆಯಲ್ಲಿ, ಸಾಮಾನ್ಯ ರೋಗಗಳಿಂದ ಸೇರಿದ್ದವರ ವಿಷಯದಲ್ಲಿ, ಹೊರಡುವವರಿಗೆ ಸುಲಭ ಪುಸ್ತಿಕೆಯೊಂದನ್ನು ಕೊಟ್ಟು, ದಾದಿಯೊಬ್ಬರಿಂದ ವಿವರಿಸಿ ಹೇಳಿಸಿ, ಎರಡು ನಾಲ್ಕು ದಿನಗಳೊಳಗೆ ಔಷಧತಜ್ಞರು ಮನೆಗೆ ದೂರವಾಣಿ ಮಾಡಿ ವಿಚಾರಿಸುವ ಏರ್ಪಾಡನ್ನು ಪರೀಕ್ಷಿಸಿದರು. 2009ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಅಂಥವರು ಒಂದು ತಿಂಗಳಲ್ಲಿ ಆಸ್ಪತ್ರೆಗೆ ಮರಳಿ ಬರುವುದು ಸುಮಾರು ಶೇಕಡ 30ರಷ್ಟು ಕಡಮೆಯಾಯಿತು. ಒಂದು ಪುಸ್ತಿಕೆ, ಒಂದು ಕರೆ. ಎರಡು ವಾರಕ್ಕೆ ಹೊಲಿಗೆ ಬಿಚ್ಚಲು ಬಂದಾಗ ಕೇಳಬೇಕಾದ ಪ್ರಶ್ನೆ ಮತ್ತೊಂದಿದೆ: ಮೂಳೆ ಮುರಿಯುವಷ್ಟು ಟೊಳ್ಳಾಗಿದ್ದುದಕ್ಕೆ ಚಿಕಿತ್ಸೆ ಏನು, ಬೀಳಿಸಿದ ಕಣ್ಣಿನ ಪೊರೆಗೆ ಪರಿಹಾರವೆಂದು? ಒಂದು ಸೊಂಟ ಮುರಿದವರ ಇನ್ನೊಂದು ಸೊಂಟವೂ ಅದೇ ದೇಹದಲ್ಲಿಯೇ ಇರುತ್ತದೆ.

ಹಾಸಿಗೆಗಳಿಲ್ಲ, ಸಿಬ್ಬಂದಿಯಿಲ್ಲ, ಇದಕ್ಕೆಲ್ಲ ವ್ಯವಧಾನವೆಲ್ಲಿ ಎಂದು ನನ್ನ ವೃತ್ತಿಬಾಂಧವರು ಕೇಳುವುದು ಸಹಜ. ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ನೆಲದ ಮೇಲೂ ರೋಗಿಗಳನ್ನು ಮಲಗಿಸಿಕೊಂಡು ದುಡಿದವನಾದ ನಾನು ಆ ಪ್ರಶ್ನೆಯನ್ನು ಲಘುವಾಗಿ ಕಾಣಲಾರೆ. ಆದರೆ ಲೆಕ್ಕ ಹಾಕಿ ನೋಡಬೇಕು: ಅತ್ತೆಯ ಮನೆಯ ಹೊಸ್ತಿಲನ್ನು ವಿಚಾರಿಸಲು ಹಿಡಿಯುತ್ತಿದ್ದುದು ಐದು ನಿಮಿಷ, ವಿಚಾರಿಸದೆ ಹೋದುದಕ್ಕೆ ಒಂದು ಹಾಸಿಗೆ ಮೂರು ವಾರ ತುಂಬಿಹೋಯಿತು. 2011ರ ಜನಗಣತಿಯಲ್ಲಿ ಅರುವತ್ತು ದಾಟಿದವರು ಭಾರತದಲ್ಲಿ 10 ಕೋಟಿಗೆ ಮೇಲಿದ್ದರು. ಕರ್ನಾಟಕದಲ್ಲಿ ನೂರಕ್ಕೆ ಒಂಬತ್ತು ಮಂದಿಗೂ ಹೆಚ್ಚು. ಆ ಸಂಖ್ಯೆ ಏರಿದೆಯೇ ಹೊರತು ಇಳಿದಿಲ್ಲ. ಜಿಲ್ಲಾಸ್ಪತ್ರೆಗಳಲ್ಲಿ ವೃದ್ಧರಿಗಾಗಿ ಪ್ರತ್ಯೇಕ ವ್ಯವಸ್ಥೆಯನ್ನು ಉದ್ದೇಶಿಸಿದ ರಾಷ್ಟ್ರೀಯ ಕಾರ್ಯಕ್ರಮವು 2010ರಿಂದಲೇ ಇದೆ. ಹಿರಿಯರ ಸಹಾಯವಾಣಿ 14567 ಇದೆ. ಎಪ್ಪತ್ತು ದಾಟಿದವರೆಲ್ಲರಿಗೂ ಆಯುಷ್ಮಾನ್ ಭಾರತದ ವಿಮೆ 2024ರಲ್ಲಿ ವಿಸ್ತರಿಸಿತು. ಈ ಏರ್ಪಾಡುಗಳು ವೃದ್ಧರನ್ನು ಆಸ್ಪತ್ರೆಯ ಬಾಗಿಲಿನೊಳಕ್ಕೆ ತರಬಲ್ಲುವು. ಹೊರಗಿನ ದಾರಿ ಇನ್ನೂ ನಮ್ಮ ನಮ್ಮ ವಿವೇಕದ ಮೇಲೆಯೇ ನಿಂತಿದೆ.

ಕಳುಹಿಸದಿರುವುದೂ ಒಪ್ಪಿಸುವ ಧರ್ಮದಲ್ಲಿಯೇ ಸೇರಿದ್ದು. ಮನೆಯಲ್ಲಿ ಯಾರೂ ಇಲ್ಲದ ಒಂಟಿ ಜೀವ, ಸನ್ನಿ ಇಳಿಯದ ಅಜ್ಜ, ಮಂಚದಿಂದ ಕುರ್ಚಿಗೆ ಇಬ್ಬರ ನೆರವಿಲ್ಲದೆ ಬರಲಾರದ ಅಜ್ಜಿ, ಇಂಥವರ ವಿಷಯದಲ್ಲಿ ವೈದ್ಯನು, ಇಂದು ಕಳುಹಿಸಲಾರೆ ಎಂದು ಹೇಳಬಲ್ಲವನಾಗಿರಬೇಕು. ರೋಗಿಯ ಕಡೆಯವರಾದರೊ, ಇಂದು ಒಪ್ಪಿಸಿಕೊಳ್ಳಲು ನಾವು ಸಿದ್ಧರಿಲ್ಲ, ಎರಡು ದಿನ ಕೊಡಿ, ಎಂದು ನಾಚದೆ ಹೇಳಬಲ್ಲವರಾಗಿರಬೇಕು. ಹಾಗೆ ಹೇಳುವುದು ಉದ್ಧಟತನವಲ್ಲ.

ನನ್ನ ಅತ್ತೆ ಅನಂತರ ನಾಲ್ಕು ವರ್ಷ ಬದುಕಿದ್ದರು. ಎರಡನೆಯ ಸಲ ಮನೆಗೆ ಬಂದಾಗ ಅತ್ತೆಯ ಮಗ ಗೇಣುದ್ದದ ಆ ಹೊಸ್ತಿಲನ್ನು ಬಡಗಿಯಿಂದ ಕೊಯ್ಯಿಸಿ ನೆಲಸಮ ಮಾಡಿಸಿದ್ದನು. ಹೊಸ್ತಿಲು ಕೊಯ್ಯಿಸಬಾರದೆಂದು ಊರಿನ ಹಿರಿಯರೊಬ್ಬರು ಆಕ್ಷೇಪಿಸಿದರಂತೆ. ಜಗುಲಿಯವರೆಗೆ ಅತ್ತೆ ವಾಕರು ಹಿಡಿದು ಬರುತ್ತಿದ್ದರು. ತೋಟಕ್ಕೆ ಮತ್ತೆ ಇಳಿಯಲಾಗಲಿಲ್ಲ.

ಸಭಿಕರಲ್ಲಿ ನನ್ನ ಬಿನ್ನಹ ಒಂದೇ. ನಿಮ್ಮ ಮನೆಯ ಹಿರಿಯರೊಬ್ಬರು ಶಸ್ತ್ರಚಿಕಿತ್ಸೆಗೆ ಸೇರಿದ ದಿನ, ಆಪರೇಷನ್ ಎಷ್ಟು ಹೊತ್ತಿಗೆ, ಖರ್ಚೆಷ್ಟು ಎಂದು ಕೇಳಿದ ಮೇಲೆ ಮೂರನೆಯದಾಗಿ, ಇವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಯಾವತ್ತು, ಯಾರು ಕಲಿಸಿಕೊಡುತ್ತೀರಿ ಎಂದು ಕೇಳಿ. ಉತ್ತರ ಸಿಕ್ಕುವವರೆಗೆ ಕೇಳುತ್ತಿರಿ. ಸಭೆಯಲ್ಲಿ ವೈದ್ಯರಾರಾದರೂ ಇದ್ದರೆ, ರೋಗಿಯ ಕಡೆಯವರು ಕೇಳುವುದಕ್ಕೆ ಮುಂಚೆ ನೀವೇ ಹೇಳಿ.